ಹತ್ತದ ವಿಮಾನದ ಟಿಕೆಟ್

"ರಿಟರ್ನ್ ಟಿಕೆಟ್ ತೋರ್ಸಿ ಮೇಡಂ" ಅಂದ ಕೌಂಟರಿನ ಹುಡುಗ.

2024ರ ಡಿಸೆಂಬರ್ 2, ರಾತ್ರಿ ಹತ್ತೂಮುಕ್ಕಾಲು. ಕೆಂಪೇಗೌಡ ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್. ನಮ್ಮ ಸೂಟ್‌ಕೇಸು ಆಗಲೇ ತೂಕಕ್ಕೆ ಕೂತು ಹದಿನಾಲ್ಕು ಕಿಲೋ ಎಂದು ತೋರಿಸುತ್ತಿತ್ತು. ಅದರಲ್ಲಿ ಒಂದು ಕಿಲೋ ಅಕ್ಕನ ಚಟ್ನಿಪುಡಿ.

"ರಿಟರ್ನ್ ಇಲ್ಲಪ್ಪ, ಒನ್ ವೇ" ಅಂದಳು ಅಕ್ಕ, ಮೆಜೆಸ್ಟಿಕ್ಕಿನಲ್ಲಿ ಸಾಗರಕ್ಕೆ ಟಿಕೆಟ್ ಕೇಳುವಷ್ಟು ಸಲೀಸಾಗಿ.

ಹುಡುಗನ ಬೆರಳು ಕೀಬೋರ್ಡಿನ ಮೇಲೆ ಹಾಗೇ ನಿಂತಿತು. "ಹಾಗಾದ್ರೆ ಥಾಯ್ಲೆಂಡಿಂದ ಆಚೆ ಹೋಗೋ ಟಿಕೆಟ್? ಯಾವ ದೇಶಕ್ಕಾದ್ರೂ ಸರಿ."

ಅದೂ ಇರಲಿಲ್ಲ. ಇದ್ದದ್ದು ಒಂದು ನೋಟ್‌ಪುಸ್ತಕ. ಅದರಲ್ಲಿ ಅಕ್ಕನ ದುಂಡನೆಯ ಕೈಬರಹದಲ್ಲಿ ಇಡೀ ಯೋಜನೆ. ಬ್ಯಾಂಕಾಕಿನಿಂದ ರೈಲಿನಲ್ಲಿ ನೊಂಗ್ ಖಾಯ್, ಅಲ್ಲಿ ಮೆಕಾಂಗ್ ನದಿ ದಾಟಿದರೆ ಲಾವೋಸ್, ಅಲ್ಲಿಂದ ವಿಯೆಟ್ನಾಂ, ಸಾಕೆನಿಸಿದ ದಿನ ಹನೋಯ್‌ನಿಂದ ವಾಪಸ್ಸು. ಬ್ಯಾಂಕಿನಲ್ಲಿ ಮೂವತ್ತಾರು ವರ್ಷ ದುಡಿದು ಅದೇ ಜುಲೈನಲ್ಲಿ ನಿವೃತ್ತಳಾದವಳು ಅವಳು. "ಯಾವತ್ತು ಹೋಗಿ ಯಾವತ್ತು ಬರ್ತೀನಿ ಅಂತ ಬರೆದುಕೊಟ್ಟು ಹೊರಡೋದು ಬ್ಯಾಂಕಿನ ಎಲ್‌ಎಫ್‌ಸಿ, ಅದೇ ರಜೆ ಪ್ರವಾಸದ ಭತ್ಯೆ, ತಗೊಳ್ಳೋ ಕಾಲಕ್ಕೇ ಸಾಕಾಯ್ತು" ಎಂದು ಹಟ ಹಿಡಿದು ಬರೀ ಹೋಗುವ ಟಿಕೆಟ್ ಮಾಡಿಸಿದ್ದಳು. ನನಗೂ ಅದು ಸರಿ ಅನ್ನಿಸಿತ್ತು. ಥಾಯ್ಲೆಂಡು ಆ ವರ್ಷದ ಜುಲೈ 15ರಿಂದ ಭಾರತೀಯರಿಗೆ ವೀಸಾ ಇಲ್ಲದೆ 60 ದಿನ ಇರಲು ಬಿಡುತ್ತಿತ್ತು. ವೀಸಾನೇ ಬೇಡ ಅಂದಮೇಲೆ ಮತ್ತೇನು ಕೇಳುತ್ತಾರೆ ಎಂಬುದು ನನ್ನ ಲೆಕ್ಕ.

ಕೇಳುತ್ತಾರೆ. ಅದೂ ಥಾಯ್ಲೆಂಡಿನವರಲ್ಲ, ವಿಮಾನದವರು.

ಮೇಲ್ವಿಚಾರಕಿಯೊಬ್ಬರು ಬಂದರು. ಒಳ್ಳೆಯ ಹೆಂಗಸು. ನಮ್ಮೊಡನೆ ವಾದಕ್ಕಿಳಿಯದೆ ಕಂಪ್ಯೂಟರಿನ ಪರದೆಯನ್ನೇ ನಮ್ಮ ಕಡೆ ಓರೆ ಮಾಡಿದರು. ಅದರಲ್ಲಿದ್ದದ್ದು 'ಟಿಮ್ಯಾಟಿಕ್'. ವಿಮಾನ ಸಂಸ್ಥೆಗಳ ಅಂತರರಾಷ್ಟ್ರೀಯ ಒಕ್ಕೂಟ ಐಯಾಟಾ ನಡೆಸುವ ಮಾಹಿತಿ ಭಂಡಾರ ಅದು. ಪ್ರಯಾಣಿಕರು ಯಾವ ದೇಶದವರು, ಎಲ್ಲಿಗೆ ಹೊರಟಿದ್ದಾರೆ, ಎಷ್ಟು ದಿನಕ್ಕೆ ಎಂದು ತುಂಬಿದರೆ ಯಾವ್ಯಾವ ಕಾಗದ ಬೇಕು ಎಂದು ಹೇಳುತ್ತದೆ. ನಮ್ಮ ಸಾಲಿನಲ್ಲಿ ವೀಸಾ ಬೇಡ ಎಂದಿತ್ತು. ಅದರ ಕೆಳಗೇ, ಮುಂದಿನ ಅಥವಾ ಹಿಂತಿರುಗುವ ಪ್ರಯಾಣದ ಟಿಕೆಟ್ ಇರಬೇಕು ಎಂದೂ ಇತ್ತು.

"ಅಲ್ಲಿ ಇಳಿದಮೇಲೆ ನಿಮ್ಮನ್ನ ಒಳಗೆ ಬಿಡದೆ ಹೋದ್ರೆ ವಾಪಸ್ ಕರ್ಕೊಂಡು ಬರ್ಬೇಕಾದೋರು ನಾವು ಮೇಡಂ. ನಮ್ಮದೇ ಖರ್ಚಲ್ಲಿ."

ವಿಷಯದ ಬೇರು ಇರುವುದು ಇಲ್ಲಿ. ಅಂತರರಾಷ್ಟ್ರೀಯ ವಿಮಾನಯಾನದ ಬಗ್ಗೆ ದೇಶಗಳು ಮಾಡಿಕೊಂಡ 1944ರ ಶಿಕಾಗೊ ಒಪ್ಪಂದಕ್ಕೆ ಅನುಬಂಧಗಳಿವೆ. ಅದರ ಒಂಬತ್ತನೆಯದರ ಪ್ರಕಾರ, ಒಂದು ದೇಶ ಗಡಿಯಲ್ಲೇ ತಡೆದ ಪ್ರಯಾಣಿಕನನ್ನು ಹಿಂದಕ್ಕೆ ಒಯ್ಯುವ ಹೊಣೆ ಅವನನ್ನು ಕರೆತಂದ ವಿಮಾನ ಸಂಸ್ಥೆಯದು. ಕೆಲವು ದೇಶಗಳು ಸಾಲದ್ದಕ್ಕೆ ದಂಡವನ್ನೂ ಹಾಕುತ್ತವೆ. ಬ್ರಿಟನ್ನಿನಲ್ಲಿ ಸರಿಯಾದ ದಾಖಲೆಯಿಲ್ಲದವರನ್ನು ಇಳಿಸಿದರೆ ತಲೆಗೆ 2,000 ಪೌಂಡ್. ಹೀಗಾಗಿ ಪರದೇಶದ ಗಡಿ ಪರದೇಶದಲ್ಲಿ ಶುರುವಾಗುವುದಿಲ್ಲ, ದೇವನಹಳ್ಳಿಯ ಚೆಕ್-ಇನ್ ಕೌಂಟರಿನಲ್ಲೇ ಶುರುವಾಗುತ್ತದೆ. ಆ ಹುಡುಗ ಕಾಯುತ್ತಿದ್ದದ್ದು ಥಾಯ್ಲೆಂಡನ್ನಲ್ಲ, ತನ್ನ ಕಂಪನಿಯ ಗಲ್ಲಾಪೆಟ್ಟಿಗೆಯನ್ನು. ಅವನ ಜಾಗದಲ್ಲಿದ್ದರೆ ನಾನೂ ಅಷ್ಟೇ ಮಾಡುತ್ತಿದ್ದೆ. ನನ್ನ ತಕರಾರು ಒಂದೇ. ಅದೇ ಕಂಪನಿಯ ವೆಬ್‌ಸೈಟು ಒನ್ ವೇ ಟಿಕೆಟ್ ಮಾರುವಾಗ ಸೀಟು ಬೇಕಾ, ಊಟ ಬೇಕಾ, ವಿಮೆ ಬೇಕಾ ಎಂದು ಹತ್ತು ಸಲ ಕೇಳಿತ್ತು. ಇದೊಂದು ಮಾತು ಮಾತ್ರ ಅದರ ಬಾಯಿಂದ ಬರಲಿಲ್ಲ.

"ರೈಲ್ ಟಿಕೆಟ್ ತಗೊಂಡ್ರೆ ನಡೆಯುತ್ತಾ?" ಅಂದೆ. ನೊಂಗ್ ಖಾಯ್ ರೈಲಿನ ಟಿಕೆಟ್ ಆನ್‌ಲೈನಿನಲ್ಲೇ ಸಿಗುತ್ತದೆ. ಆದರೆ ನೊಂಗ್ ಖಾಯ್ ಇರುವುದು ನದಿಯ ಈಚೆ ದಂಡೆಯಲ್ಲಿ, ಅಂದರೆ ಥಾಯ್ಲೆಂಡಿನಲ್ಲೇ. ಅಲ್ಲಿಯವರೆಗಿನ ಟಿಕೆಟ್ಟು ದೇಶ ಬಿಡುತ್ತೇವೆ ಎಂಬುದಕ್ಕೆ ಪುರಾವೆಯಾಗುವುದಿಲ್ಲ. ಸೇತುವೆ ದಾಟಿಸುವ ಬಸ್ಸಿಗೆ ಅಲ್ಲೇ ನಿಂತು ಚಿಲ್ಲರೆ ಕೊಡಬೇಕು. ನೆಲದ ಮೇಲೆ ಗಡಿ ದಾಟುವವರ ಪಾಡೇ ಇದು. ಯೋಜನೆ ಎಷ್ಟೇ ನಿಜವಾಗಿರಲಿ, ತೋರಿಸಲು ಎಷ್ಟೋ ಸಲ ಒಂದು ಚೀಟಿ ಇರುವುದಿಲ್ಲ.

ಪಕ್ಕದ ಸಾಲಿನಲ್ಲಿದ್ದ ಬೆನ್ನುಚೀಲದ ಹುಡುಗನೊಬ್ಬ ಮೆಲ್ಲಗೆ, "ಆಂಟಿ, ಡಮ್ಮಿ ಟಿಕೆಟ್ ತಗೊಳಿ, ಎರಡು ದಿನಕ್ಕೆ ಬಾಡಿಗೆ ಸಿಗತ್ತೆ" ಎಂದ. ಹೀಗೊಂದು ದಂಧೆ ಇರುವುದು ನನಗೆ ಗೊತ್ತಾದದ್ದೇ ಆವಾಗ. ಯಾರೋ ನಮ್ಮ ಹೆಸರಿನಲ್ಲಿ ನಿಜವಾದ ಬುಕಿಂಗ್ ಮಾಡಿ, ಆರಕ್ಷರದ ಪಿಎನ್ಆರ್ ಕೊಟ್ಟು, ಒಂದೆರಡು ದಿನದಲ್ಲಿ ಅದನ್ನು ರದ್ದಾಗಲು ಬಿಡುತ್ತಾರೆ. ವಿಮಾನ ಸಂಸ್ಥೆಯ ಪುಟದಲ್ಲಿ ಹುಡುಕಿದರೆ ಅಷ್ಟು ಹೊತ್ತು ಹೆಸರು ಸಿಗುತ್ತದೆ. ಫೋಟೊಶಾಪಿನಲ್ಲಿ ತಿದ್ದಿದ ಪಿಡಿಎಫ್‌ಗಿಂತ ಇದು ವಾಸಿ ಇರಬಹುದು. ಆದರೂ ಇಂಥ ಎಷ್ಟೋ ಬುಕಿಂಗಿಗೆ ದುಡ್ಡು ಕಟ್ಟಿರುವುದೇ ಇಲ್ಲ. ದುಡ್ಡು ಕಟ್ಟಿ ಟಿಕೆಟ್ ಹೊರಬಿದ್ದಾಗ ಮಾತ್ರ ಹದಿಮೂರು ಅಂಕೆಯ ಟಿಕೆಟ್ ಸಂಖ್ಯೆ ಹುಟ್ಟುತ್ತದೆ. ಅಕ್ಕನಿಗೆ ವಿವರಿಸಿದೆ. ತಕ್ಷಣ ತಿಳಿಯಿತು ಅವಳಿಗೆ. "ಚೆಕ್ ಬರೆದದ್ದು ಬೇರೆ, ಕ್ಲಿಯರ್ ಆದದ್ದು ಬೇರೆ. ನಂಗೆ ಕ್ಲಿಯರ್ ಆದದ್ದೇ ಬೇಕು" ಅಂದಳು.

ವಿಮಾನ ಒಂದೂಕಾಲಿಗೆ. ಕೌಂಟರ್ ಮುಚ್ಚುವುದು ಹನ್ನೆರಡೂಕಾಲಿಗೆ. ಸೂಟ್‌ಕೇಸು ಇಳಿಸಿಕೊಂಡು, ಬಿದಿರು ಹೊದಿಸಿದ ಚೆಂದದ ಕಂಬವೊಂದರ ಬುಡದಲ್ಲಿ ನೆಲದ ಮೇಲೇ ಕೂತೆವು. ನಾನು ಫೋನಿನಲ್ಲಿ ಹುಡುಕತೊಡಗಿದೆ. ವಿಯೆಂಟಿಯಾನ್‌ಗೆ ಟಿಕೆಟ್ ತೆಗೆದರೆ ಲಾವೋಸಿನ ವೀಸಾ ಎಲ್ಲಿ ಎಂಬ ಇನ್ನೊಂದು ಪ್ರಶ್ನೆ ಎದ್ದೀತು. ಕೌಲಾಲಂಪುರಕ್ಕಾದರೆ ಆ ರಗಳೆ ಇಲ್ಲ, ಮಲೇಶಿಯಾ 2023ರ ಡಿಸೆಂಬರಿನಿಂದ ಭಾರತೀಯರಿಗೆ 30 ದಿನ ವೀಸಾ ಬೇಡ ಎಂದಿದೆ. ಸರಿ, ಬ್ಯಾಂಕಾಕಿನಿಂದ ಕೌಲಾಲಂಪುರ. ಡಿಸೆಂಬರ್ 22ರ ವಿಮಾನ ಎಲ್ಲಕ್ಕಿಂತ ಅಗ್ಗ. ಇಬ್ಬರಿಗೂ ಸೇರಿ ಏಳು ಸಾವಿರದ ಎಂಟುನೂರು ರೂಪಾಯಿ ಚಿಲ್ಲರೆ. ರದ್ದು ಮಾಡಿದರೆ ಬಿಡಿಗಾಸೂ ವಾಪಸ್ಸಿಲ್ಲ.

ಅಕ್ಕ ತನ್ನ ಕಾರ್ಡ್ ಕೊಟ್ಟಳು. ಆಗಲಿಲ್ಲ. ಇನ್ನೊಮ್ಮೆ. ಆಗಲಿಲ್ಲ. ಮೂರನೆಯ ಸಲಕ್ಕೆ ಅವಳ ಮುಖ ಕೆಂಪಾಯಿತು. ರಿಸರ್ವ್ ಬ್ಯಾಂಕಿನ 2020ರ ನಿಯಮದಂತೆ ಹೊಸ ಕಾರ್ಡು ಕೈಗೆ ಬರುವಾಗ ದೇಶದೊಳಗಿನ ಎಟಿಎಂ ಮತ್ತು ಅಂಗಡಿಯ ಯಂತ್ರಗಳಲ್ಲಷ್ಟೇ ನಡೆಯುತ್ತದೆ. ಹೊರದೇಶದ ವಹಿವಾಟನ್ನು ನಾವೇ ತೆರೆಯಬೇಕು. "ಕೌಂಟರಿನಲ್ಲಿ ಕೂತು ಸಾವಿರ ಜನಕ್ಕೆ ಹೇಳಿದೀನಿ ಕಣೇ ಇದನ್ನ" ಎಂದು ಗೊಣಗುತ್ತಾ ಆಪ್ ತೆರೆದಳು. ಪಾಸ್‌ವರ್ಡ್ ಮರೆತಿತ್ತು. ಕೊನೆಗೆ ನನ್ನ ಕಾರ್ಡಿನಲ್ಲಾಯಿತು. ಓಟಿಪಿ ಬರುವಷ್ಟರಲ್ಲಿ ಹನ್ನೊಂದೂ ಐವತ್ತು.

ಹುಡುಗ ನನ್ನ ಫೋನು ನೋಡಿ ಪಿಎನ್ಆರ್ ಟೈಪಿಸಿಕೊಂಡ. ತಾರೀಖು 60 ದಿನದ ಒಳಗಿದೆಯೇ ಎಂದು ಎಣಿಸಿದ. ಬೋರ್ಡಿಂಗ್ ಪಾಸ್ ಎರಡೂ ಸರ್ರನೆ ಹೊರಬಂದವು. ನೋಟ್‌ಪುಸ್ತಕದಲ್ಲಿದ್ದ ನಮ್ಮ ನಿಜ ಯಾರಿಗೂ ಬೇಡವಾಗಿತ್ತು. ನಾವು ಎಂದೂ ಹೋಗದ ಕೌಲಾಲಂಪುರವೇ ನಮ್ಮನ್ನು ದಾಟಿಸಿತು.

ವಲಸೆ ವಿಭಾಗದ ಅಧಿಕಾರಿಯೂ ಅದನ್ನೇ ಕೇಳಿದರು, ಆದರೆ ಕಾರಣ ಬೇರೆ. ನಮಗಿಂತ ಮುಂದೆ ಇಪ್ಪತ್ತೈದರ ಆಸುಪಾಸಿನ ಇಬ್ಬರು ಹುಡುಗರನ್ನು ತುಂಬ ಹೊತ್ತು ವಿಚಾರಿಸುತ್ತಿದ್ದರು. ಥಾಯ್ಲೆಂಡಿನಲ್ಲಿ ಐಟಿ ಕೆಲಸ ಎಂದು ನಂಬಿಸಿ ಕರೆಸಿಕೊಂಡು, ಗಡಿ ದಾಟಿಸಿ ಮ್ಯಾನ್ಮಾರಿನ ಮ್ಯಾವಡ್ಡಿಯ ಆನ್‌ಲೈನ್ ವಂಚನೆಯ ಅಡ್ಡೆಗಳಲ್ಲಿ ಕೂಡಿಹಾಕುವ ಜಾಲದ ಬಗ್ಗೆ ವಿದೇಶಾಂಗ ಸಚಿವಾಲಯ 2022ರಲ್ಲೇ ಎಚ್ಚರಿಸಿತ್ತು. ಒಂಟಿ ಹುಡುಗ, ಬ್ಯಾಂಕಾಕಿಗೆ ಒನ್ ವೇ ಟಿಕೆಟ್ ಎಂದರೆ ಅವರ ಹುಬ್ಬು ಮೇಲೇರುವುದು ಸಹಜವೇ. ನಮ್ಮ ಸರದಿ ಬಂದಾಗ, "ಅಲ್ಲಿ ಯಾರಾದ್ರೂ ಕೆಲಸ ಕೊಡ್ತೀವಿ ಅಂದಿದ್ದಾರಾ?" ಎಂದರು.

"ಈಗಷ್ಟೇ ಕೆಲಸ ಬಿಟ್ಟು ಬಂದಿದೀನಪ್ಪ" ಎಂದಳು ಅಕ್ಕ. ಅವರು ನಕ್ಕು ಮುದ್ರೆ ಒತ್ತಿದರು.

ಬೆಳಗ್ಗೆ ಬ್ಯಾಂಕಾಕಿನ ಸುವರ್ಣಭೂಮಿ ವಿಮಾನ ನಿಲ್ದಾಣದಲ್ಲಿ ಇಳಿದಾಗ ಅಲ್ಲಿನ ಗಡಿಯಾರ ನಮಗಿಂತ ಒಂದೂವರೆ ತಾಸು ಮುಂದಿತ್ತು. ಸಾಲಿನಲ್ಲಿ ನಿಂತಷ್ಟೂ ಹೊತ್ತು ಕೌಲಾಲಂಪುರದ ಟಿಕೆಟ್ಟನ್ನು ಫೋನಿನಲ್ಲಿ ತೆರೆದು ಹಿಡಿದಿದ್ದೆ, ಪರದೆ ಆರದಂತೆ ಆಗಾಗ ಮುಟ್ಟುತ್ತಾ. ಅಧಿಕಾರಿ ಬೆರಳಚ್ಚು ತೆಗೆದುಕೊಂಡಳು, ಕ್ಯಾಮೆರಾ ತೋರಿಸಿದಳು, ಮುದ್ರೆ ಒತ್ತಿದಳು. ಒಂದು ಮಾತಿಲ್ಲ. ಫೋನಿನ ಕಡೆ ಕಣ್ಣೂ ಹಾಯಿಸಲಿಲ್ಲ. ಮುದ್ರೆಯಲ್ಲಿ ಜನವರಿ 31ರ ತನಕ ಎಂದಿತ್ತು. ಅಕ್ಕ ಅಲ್ಲೇ ನಿಂತು ಬೆರಳು ಮಡಿಚಿ ಎಣಿಸಿದಳು. ಬಂದಿಳಿದ ದಿನವನ್ನೂ ಹಿಡಿದು ಅರವತ್ತು. "ಬಡ್ಡಿ ಲೆಕ್ಕದಲ್ಲಿ ನಾವು ಹೀಗೆ ಮಾಡಿದ್ರೆ ಜನ ಜಗಳಕ್ಕೆ ಬರ್ತಿದ್ರು" ಎಂದಳು.

ಆ ನಿಲ್ದಾಣದಲ್ಲಿ ದೇವಾಸುರರು ವಾಸುಕಿಯನ್ನು ಹಿಡಿದು ಜಗ್ಗುವ ದೊಡ್ಡ ಸಮುದ್ರಮಥನದ ಶಿಲ್ಪವಿದೆಯೆಂದು ಓದಿ, ನೋಡಲೇಬೇಕೆಂದುಕೊಂಡಿದ್ದೆ. ಅದಿರುವುದು ಹೊರಡುವವರು ಪಾಸ್‌ಪೋರ್ಟ್ ತಪಾಸಣೆ ಮುಗಿಸಿ ನಡೆಯುವ ಕಡೆಯಂತೆ. ನಾವು ಅಲ್ಲಿಂದ ಹೊರಡಲೇ ಇಲ್ಲವಲ್ಲ, ಹಾಗಾಗಿ ಕಾಣಲಿಲ್ಲ.

ಬ್ಯಾಂಕಾಕ್, ಅಯುತ್ಥಯ ಎಂದು ಹತ್ತು ದಿನ ಸುತ್ತಿದೆವು. ಅದರ ಕಥೆ ಬೇರೆಯೇ ಬರೆಯಬೇಕು. ಹನ್ನೊಂದನೆಯ ರಾತ್ರಿ ಬ್ಯಾಂಕಾಕಿನ ಕ್ರುಂಗ್ ಥೇಪ್ ಅಫಿವತ್ ನಿಲ್ದಾಣದಿಂದ ರೈಲು. ಮಲಗುವ ಬೋಗಿಯಲ್ಲಿ ಸಿಬ್ಬಂದಿಯೇ ಬಂದು ಸೀಟು ಬಿಚ್ಚಿ, ಹಾಸಿಗೆ ಹಾಸಿ, ಪರದೆ ಎಳೆದುಕೊಟ್ಟರು. ಆರುನೂರು ಚಿಲ್ಲರೆ ಕಿಲೋಮೀಟರ್ ನಿದ್ದೆ. ನೊಂಗ್ ಖಾಯ್‌ನಲ್ಲಿ ಇಳಿದಾಗ ತೆಳು ಚಳಿ, ಪ್ಲಾಟ್‌ಫಾರ್ಮಿನಲ್ಲಿ ಅನ್ನ ಬೇಯುವ ವಾಸನೆ.

ಟುಕ್‌ಟುಕ್‌ನಲ್ಲಿ ಸೇತುವೆಯ ಬಳಿ ಹೋಗಿ, ಥಾಯ್ಲೆಂಡಿನಿಂದ ಹೊರಬಿದ್ದ ಮುದ್ರೆ ಹಾಕಿಸಿ, ಬಸ್ ಹತ್ತಿದೆವು. ಆಸ್ಟ್ರೇಲಿಯಾದ ದುಡ್ಡಿನಲ್ಲಿ ಕಟ್ಟಿ 1994ರ ಏಪ್ರಿಲ್‌ನಲ್ಲಿ ತೆರೆದ ಸ್ನೇಹ ಸೇತುವೆ ಅದು, ಉದ್ದ 1,170 ಮೀಟರ್. ನಡುವೆ ರೈಲು ಹಳಿಯೂ ಉಂಟು. ಕೆಳಗೆ ಮೆಕಾಂಗ್, ಟೀ ಬಣ್ಣದ ನೀರು, ನಡುನಡುವೆ ಮರಳದಿಬ್ಬ. ನಮ್ಮ ಮಳೆ ನಿಂತಮೇಲಿನ ತುಂಗಭದ್ರೆಯನ್ನು ನಾಲ್ಕು ಪಟ್ಟು ಅಗಲ ಮಾಡಿದ ಹಾಗೆ. ಆಚೆ ದಡ ಸೇರಿದಮೇಲೆ ಬಸ್ಸು ಒಂದು ಸಿಗ್ನಲಿನಲ್ಲಿ ನಿಂತು, ಎಡಗಡೆಯಿಂದ ಬಲಗಡೆಯ ದಾರಿಗೆ ಅಡ್ಡಲಾಗಿ ದಾಟಿತು. ಥಾಯ್ಲೆಂಡಿನಲ್ಲಿ ನಮ್ಮ ಹಾಗೆ ಎಡಕ್ಕೆ, ಲಾವೋಸಿನಲ್ಲಿ ಬಲಕ್ಕೆ. ದೇಶ ಬದಲಾದದ್ದು ಮೈಗೆ ತಿಳಿದದ್ದು ಅಲ್ಲಿ, ಎದುರಿನ ಲಾರಿ ತಪ್ಪು ಕಡೆಯಿಂದ ಬಂದಾಗ. ಅಕ್ಕ ನನ್ನ ಮೊಣಕೈ ಹಿಡಿದುಕೊಂಡಳು.

ವೀಸಾ ಕಿಟಕಿಯಲ್ಲಿ ಫೋಟೊ, ಫಾರ್ಮು, ಡಾಲರು ಕೊಟ್ಟೆವು. ಒಳಗಿದ್ದವರು ಒಂದೊಂದೇ ನೋಟನ್ನು ಬೆಳಕಿಗೆ ಹಿಡಿದು, ಅಂಚು ಸವರಿ ನೋಡಿದರು. ಅಕ್ಕ ಮೆಚ್ಚುಗೆಯಿಂದ ನೋಡುತ್ತಾ ನಿಂತಳು. ಪಾಸ್‌ಪೋರ್ಟಿನ ಒಂದಿಡೀ ಪುಟಕ್ಕೆ ವೀಸಾ ಚೀಟಿ ಅಂಟಿತು. ಮೂವತ್ತು ದಿನ. ಮುಂದಿನ ಟಿಕೆಟ್ ಎಲ್ಲಿ ಎಂದು ಅಲ್ಲಿಯೂ ಕೇಳಲಿಲ್ಲ. ನಡೆದುಕೊಂಡು ಬಂದವನು ನಡೆದುಕೊಂಡೇ ಹೋಗುತ್ತಾನೆ ಎಂದು ನೆಲದ ಗಡಿಯವರಿಗೆ ಗೊತ್ತಿರಬೇಕು.

ಡಿಸೆಂಬರ್ 22. ನಾವು ಲುವಾಂಗ್ ಪ್ರಬಾಂಗ್‌ನಲ್ಲಿದ್ದೆವು. ಚೀನಾದವರು ಕಟ್ಟಿದ ಹೊಸ ರೈಲಿನಲ್ಲಿ ವಿಯೆಂಟಿಯಾನ್‌ನಿಂದ ಎರಡು ತಾಸು. ನದಿಯ ದಂಡೆಯ ಅಂಗಡಿಯೊಂದರಲ್ಲಿ ಕೂತಿದ್ದೆವು. ಅಕ್ಕ ಕಾಫಿಯ ತಳದಲ್ಲಿ ಬೆರಳುದ್ದ ನಿಂತಿದ್ದ ಸಿಹಿ ಹಾಲನ್ನು ಕದಡದೆ, ಮೇಲಿನ ಕಪ್ಪು ಡಿಕಾಕ್ಷನ್ನಷ್ಟೇ ಹೀರುತ್ತಿದ್ದಳು. ಫೋನು ಕುಂಯ್ ಅಂದಿತು. ಹಿಂದಿನ ದಿನವೇ ಚೆಕ್-ಇನ್ ಮಾಡಿಕೊಳ್ಳಿ ಎಂದು ಎರಡು ಸಲ ನೆನಪಿಸಿದ್ದರು. ಈಗ ಬಂದದ್ದು ಕ್ಷಮಾಪಣೆಯ ಮೇಲ್. ಕೌಲಾಲಂಪುರಕ್ಕೆ ಹೊರಡಬೇಕಾದ ನಿಮ್ಮ ವಿಮಾನ ಐವತ್ತು ನಿಮಿಷ ತಡ, ತೊಂದರೆಗಾಗಿ ವಿಷಾದಿಸುತ್ತೇವೆ.

ಓದಿ ಹೇಳಿದೆ. ಅಕ್ಕ ಲೋಟ ಕೆಳಗಿಟ್ಟಳು.

"ಪಾಪ, ನಮ್ಮನ್ನ ಕಾಯ್ತಿರಬೇಕು" ಅಂದಳು.