ಮಕ್ಕಳ ಫೋನಿಗೆ ಯಾವ ಆ್ಯಪ್ ಹಾಕಬೇಕು?

ಅಪ್ಪ ಅಮ್ಮಂದಿರು ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಇದು. ಆಂಡ್ರಾಯ್ಡ್ ಫೋನಾದರೆ ಗೂಗಲ್‌ನ ಫ್ಯಾಮಿಲಿ ಲಿಂಕ್ ಹಾಕಿ. ಐಫೋನಾದರೆ 'ಸ್ಕ್ರೀನ್ ಟೈಮ್' ಎಂಬ ಸೌಲಭ್ಯ ಅದರ ಸೆಟ್ಟಿಂಗ್ಸ್‌ನಲ್ಲೇ ಇರುತ್ತದೆ. ಎರಡಕ್ಕೂ ದುಡ್ಡಿಲ್ಲ. ಮಗು ಯಾವ ಆ್ಯಪ್ ಇಳಿಸಿಕೊಳ್ಳಬಹುದು, ಎಷ್ಟು ಹೊತ್ತು ನೋಡಬಹುದು ಎಂದು ನೀವೇ ಗೊತ್ತು ಮಾಡಬಹುದು. ಚಿಕ್ಕ ಮಕ್ಕಳಿಗಂತೂ ಇದು ಬೇಕೇ ಬೇಕು.

ಆದರೆ ನನಗೆ ಹೆಚ್ಚು ಭಯ ಇರುವುದು ಇವುಗಳ ಕಣ್ಣಿಗೆ ಬೀಳದ ಕಡೆ. ಗೇಮ್ ಆಡುವಾಗ ಚಾಟ್‌ನಲ್ಲಿ ಯಾರೋ ಪರಿಚಯ ಆಗುತ್ತಾರೆ. ತನಗೂ ಅಷ್ಟೇ ವಯಸ್ಸು ಎನ್ನುತ್ತಾರೆ. ಹೊಗಳುತ್ತಾರೆ, ಗೇಮ್‌ನ ಕಾಯಿನ್ ಕೊಡುತ್ತಾರೆ. ಆಮೇಲೆ "ಇಲ್ಲಿ ಬೇಡ, ಬೇರೆ ಆ್ಯಪ್‌ಗೆ ಬಾ, ಮನೇಲಿ ಹೇಳ್ಬೇಡ" ಅಂತ ಶುರು. ಅಲ್ಲಿ ಒಂದು ಫೋಟೋ ಕೇಳುತ್ತಾರೆ. ಅದು ಕೈಗೆ ಸಿಕ್ಕಿತೋ, ಬೆದರಿಕೆ: ದುಡ್ಡು ಕೊಡು, ಇಲ್ಲದಿದ್ದರೆ ಇದನ್ನು ನಿನ್ನ ಫ್ರೆಂಡ್ಸ್‌ಗೆಲ್ಲ ಕಳಿಸ್ತೀನಿ. ಕೆಲವೊಮ್ಮೆ ಇಷ್ಟೆಲ್ಲ ಆಗುವುದಕ್ಕೆ ಒಂದು ಸಂಜೆ ಸಾಕು.

ಆ ಹೊತ್ತಿನಲ್ಲಿ ಮಗು ಮನೆಯಲ್ಲಿ ಯಾಕೆ ಬಾಯಿ ಬಿಡುವುದಿಲ್ಲ? ಹೇಳಿದರೆ ಬೈತಾರೆ, ಫೋನ್ ಕಿತ್ಕೋತಾರೆ ಎಂಬ ಹೆದರಿಕೆ. ಬೆದರಿಸುವವರಿಗೆ ಇದು ಚೆನ್ನಾಗಿ ಗೊತ್ತು. ಹಾಗಾಗಿ ಆ್ಯಪ್ ಹಾಕುವುದಕ್ಕೂ ಮೊದಲು ಮಗುವಿಗೆ ಹೀಗೆ ಹೇಳಿ: "ನೀನೇ ತಪ್ಪು ಮಾಡಿದ್ರೂ ಪರವಾಗಿಲ್ಲ. ನನ್ನ ಹತ್ರ ಹೇಳಿದ್ದಕ್ಕೆ ಫೋನ್ ಕಿತ್ಕೊಳ್ಳಲ್ಲ." ಹೇಳಿದ ಮೇಲೆ ಆ ಮಾತು ಉಳಿಸಿಕೊಳ್ಳಬೇಕು, ಅದೇ ಕಷ್ಟ. ಯಾವುದೋ ಕೆಟ್ಟ ವಿಡಿಯೋ ಬಂತು ಎಂದು ಮಗು ತೋರಿಸಿದಾಗ ನೀವು ಕಿರುಚಿದರೆ, ಮುಂದೆ ದೊಡ್ಡದೇನಾದರೂ ಆದಾಗ ಅದು ನಿಮ್ಮ ಹತ್ತಿರ ಬರುತ್ತದಾ?

ಅಕೌಂಟ್ ಪ್ರೈವೇಟ್ ಇರಲಿ. ಗೇಮ್ ಚಾಟ್ ಗೊತ್ತಿರುವ ಸ್ನೇಹಿತರಿಗೆ ಮಾತ್ರ ಇರಲಿ. ಲೊಕೇಶನ್ ಶೇರಿಂಗ್ ಆಫ್ ಮಾಡಿ.

ಇಷ್ಟಾದರೂ ಬೆದರಿಕೆ ಬಂದರೆ ದುಡ್ಡು ಮಾತ್ರ ಕೊಡಬೇಡಿ. ಕೊಟ್ಟರೆ ಮತ್ತೆ ಕೇಳುತ್ತಾರೆ. ಗಾಬರಿಯಲ್ಲಿ ಚಾಟ್ ಡಿಲೀಟ್ ಮಾಡಬೇಡಿ, ಅದೇ ಸಾಕ್ಷಿ. ಸ್ಕ್ರೀನ್‌ಶಾಟ್ ತೆಗೆದುಕೊಂಡು, ರಿಪೋರ್ಟ್ ಮಾಡಿ, ಬ್ಲಾಕ್ ಮಾಡಿ, ಪೊಲೀಸರಿಗೆ ತಿಳಿಸಿ. 18 ತುಂಬುವ ಮುಂಚೆ ತೆಗೆದ ನಗ್ನ ಫೋಟೋ ಆದರೆ 'ಟೇಕ್ ಇಟ್ ಡೌನ್' ಎಂಬ ಉಚಿತ ಸೇವೆ ಇದೆ. ಅಲ್ಲಿ ಹೆಸರು ಕೊಡಬೇಕಿಲ್ಲ, ಫೋಟೋ ಕೂಡ ನಿಮ್ಮ ಫೋನ್ ಬಿಟ್ಟು ಹೋಗುವುದಿಲ್ಲ. ಆ ಫೋಟೋಗೆ ಒಂದು ಗುರುತಿನ ಕೋಡ್ ತಯಾರಾಗುತ್ತದೆ. ಸೇವೆಯ ಜೊತೆ ಸೇರಿರುವ ಕಂಪನಿಗಳು ಆ ಕೋಡ್ ಹಿಡಿದು ತಮ್ಮಲ್ಲಿ ಹುಡುಕಿ, ಸಿಕ್ಕಿದರೆ ತೆಗೆದುಹಾಕುತ್ತವೆ.