ಬೂದಿ ಸಾಲಿಗೆ ಬಂತು, ಪೂರ್ತಿ ಅಲ್ಲ

ಗಾಳಿ ತೆಗೆದ ಪಾತ್ರೆಯಲ್ಲಿ ಒಂಚೂರು ಆರ್ಗಾನ್ ಬಿಟ್ಟು ವೋಲ್ಟೇಜ್ ಕೊಟ್ಟರೆ ಅದು ಮಿನುಗೋ ಪ್ಲಾಸ್ಮಾ ಆಗುತ್ತೆ; ಅದರೊಳಗೆ ಚಾರ್ಜ್ ಹಿಡಿದು ತೇಲೋ ಧೂಳು ತಾನೇ ಸಾಲುಗಟ್ಟಿ ನಿಂತರೆ ಅದೇ ಪ್ಲಾಸ್ಮಾ ಹರಳು. ನಾನು ಮಾಡಹೊರಟಿದ್ದು ಅದನ್ನೇ. ಕೊನೆಗೂ ಹಾಳೆಯಂತೆ ಹರಡಿದ ಹಸಿರು ಲೇಸರ್ ಬೆಳಕಿನಲ್ಲಿ ಒಂದು ಕಣ, ಅದರ ಸುತ್ತ ಆರು ಕಣ, ಕದಲದೆ ನಿಂತವು. ಅಂಚಿನಲ್ಲಿ ಇನ್ನೂ ಗಲಾಟೆ ಇದೆ, ಆದರೆ ನಡುವೆ ಇರೋದು ಹರಳೇ. ಪಂಪ್, ಡಿಸಿ ಗ್ಲೋ (ಆ ಮಿನುಗು), ಕಣ ಚೆದುರದಂತೆ ಕ್ಯಾಥೋಡ್ (ಮೈನಸ್ ಕಡೆಯ ಲೋಹ) ಮೇಲಿಟ್ಟ ತಾಮ್ರದ ಬಳೆ ಎಲ್ಲ ಹಳೇವೇ. ಬದಲಾಗಿದ್ದು ಧೂಳು.

1994ರಲ್ಲಿ ಪ್ಲಾಸ್ಮಾ ಹರಳು ತೋರಿಸಿದ ಜರ್ಮನಿಯ ತಂಡ ಬಳಸಿದ್ದು ಒಂದೇ ಅಳತೆಯ, 7 ಮೈಕ್ರಾನಿನ (ಮೈಕ್ರಾನ್ ಅಂದ್ರೆ ಮಿಲಿಮೀಟರಿನ ಸಾವಿರದಲ್ಲೊಂದು) ಮೆಲಮೈನ್ ಫಾರ್ಮಾಲ್ಡಿಹೈಡ್ ಅನ್ನೋ ಪ್ಲಾಸ್ಟಿಕ್ಕಿನ ಗುಂಡು. ನಾನೂ ಬೆಲೆ ಕೇಳಿದ್ದೆ. ಮಾರುವವರು ಮೊದಲು ಜಿಎಸ್‌ಟಿ ನಂಬರ್ ಕೇಳಿದರು, ಆಮೇಲೆ ಕಾಲೇಜಿನ ಲೆಟರ್‌ಹೆಡ್, ಆಮೇಲೆ ಫೋನೇ ಎತ್ತಲಿಲ್ಲ. ಸರಿ, ರಾಯಚೂರಿನಲ್ಲಿದ್ದುಕೊಂಡು ಧೂಳಿಗೆ ಬರವೇ? ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದಲ್ಲಿ ಕಲ್ಲಿದ್ದಲು ಸುಟ್ಟ ಹಾರುಬೂದಿಯಲ್ಲಿ ಗಾಜಿನಂಥ ಗುಂಡು ಕಣಗಳೇ ಹೆಚ್ಚು. ಬೂದಿ ಇಟ್ಟಿಗೆ ಮಾಡೋ ಪರಿಚಯದವರು "ಎಷ್ಟ್ ಚೀಲ ಬೇಕ್ರಿ?" ಅಂದರು. ಒಂದು ಚಮಚ ಅಂದೆ.

ತಲೆನೋವು ಅಳತೆಯದು: ಬೂದಿಯ ಕಣಗಳು ಒಂದೇ ಗಾತ್ರದವಲ್ಲ. ಕಣದ ಚಾರ್ಜ್ ತ್ರಿಜ್ಯದ ಜೊತೆ ಏರುತ್ತೆ, ತೂಕ ತ್ರಿಜ್ಯದ ಘನದ ಜೊತೆ. ಎರಡು ಪಟ್ಟು ದಪ್ಪದ ಕಣಕ್ಕೆ ಚಾರ್ಜ್ ಎರಡು ಪಟ್ಟು, ತೂಕ ಎಂಟು ಪಟ್ಟು. ದಪ್ಪದವು ಕ್ಯಾಥೋಡಿಗೆ ಬೀಳ್ತವೆ, ಸಣ್ಣವು ಮೇಲೆ ಸುಳಿ ಹಾಕ್ತವೆ. ಒಳಗೆ ಹಬ್ಬದ ಹಿಂದಿನ ದಿನದ ಬಸ್‌ಸ್ಟ್ಯಾಂಡ್.

ಇಷ್ಟು ಸಣ್ಣದಕ್ಕೆ ಜರಡಿ ನಡೆಯಲ್ಲ. ನೀರಿಗೆ ಹಾಕಿ ಇಳಿಬಿಟ್ಟೆ: 10 ಮೈಕ್ರಾನಿನ ಕಣ 10 ಸೆಂ.ಮೀ. ಇಳಿಯಲು ಸುಮಾರು 20 ನಿಮಿಷ, 5 ಮೈಕ್ರಾನಿನದಕ್ಕೆ ಅದರ ನಾಲ್ಕು ಪಟ್ಟು. ನಡುವಿನ ಪಾಲು ಹೀರಿಕೊಂಡರೆ ಒಂದೇ ಅಳತೆ ಸಿಗಬೇಕು. ಸಿಗಲಿಲ್ಲ. ಬೂದಿಯಲ್ಲಿ ಒಳಗೆ ಗುಳ್ಳೆ ಇರೋ ಪೊಳ್ಳು ಕಣಗಳಿವೆ. ತೀರ ಹಗುರದವು ತೇಲ್ತವೆ, ಕೆನೆ ತೆಗೆದು ಚೆಲ್ಲಬಹುದು. ಅರೆಪೊಳ್ಳಿನವೇ ಕಳ್ಳರು: ದಪ್ಪಗಿದ್ದೂ ಸಣ್ಣ ಗಟ್ಟಿ ಕಣದ ವೇಗದಲ್ಲೇ ಇಳೀತವೆ.

ದಾರಿ ಸಿಕ್ಕಿದ್ದು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ. ಇಳಿಯೋ ವೇಗ ನಿಂತಿರೋದು ಕಣದ ಸಾಂದ್ರತೆಯಲ್ಲಿ ದ್ರವದ್ದನ್ನು ಕಳೆದು ಉಳಿದದ್ದರ ಮೇಲೆ. ಆಲ್ಕೋಹಾಲ್ ನೀರಿಗಿಂತ ಹಗುರ, ಸಾಂದ್ರತೆ ನೀರಿನ 0.79 ಪಟ್ಟು. ಹಾಗಾಗಿ ನೀರಿನಲ್ಲಿ ಜೊತೆಗೇ ಇಳಿದವರಲ್ಲಿ ಇಲ್ಲಿ ಪೊಳ್ಳಿನವರು ಮುಂದೆ ಓಡ್ತಾರೆ. ಅವರನ್ನು ತಳದಲ್ಲೇ ಬಿಟ್ಟು ಹಿಂದೆ ಉಳಿದವರನ್ನು ಎತ್ತಿಕೊಂಡೆ. ಒಣಗಿದ ಮೇಲೆ ಗಂಟೂ ಕಡಿಮೆ.

ವೆಲ್ಡಿಂಗ್ ಗ್ಯಾಸಿನವರ ಬಗ್ಗೆ ಒಂದು ಮಾತು. ಶುದ್ಧ ಆರ್ಗಾನ್ ಅಂತ ಹಣ ತಗೊಂಡು ಕೊಟ್ಟಿದ್ದು ಕಾರ್ಬನ್ ಡೈಆಕ್ಸೈಡ್ ಬೆರೆಸಿದ್ದು. ಗ್ಲೋ ಬಣ್ಣವೇ ಚಾಡಿ ಹೇಳ್ತು.

ಕರೆಂಟ್ ಹೋದರೆ ಹರಳು ಅಲ್ಲೇ ನೆಲಕ್ಕೆ. ಇನ್ವರ್ಟರ್ ಹಾಕೋ ಬದಲು ಮನಸ್ಸು ಪೌಲ್ ಟ್ರ್ಯಾಪ್ (ಚಾರ್ಜ್ ಇರೋ ಕಣವನ್ನು ಎಸಿ ವೋಲ್ಟೇಜಿನಿಂದ ಹಿಡಿದಿಡೋ ಸಾಧನ) ಕಡೆ ಓಡ್ತಿದೆ. 1959ರಲ್ಲೇ ಅಲ್ಯೂಮಿನಿಯಂ ಪುಡಿಯನ್ನು ಎಸಿ ವೋಲ್ಟೇಜಿನಲ್ಲಿ ಹಿಡಿದು ಹರಳು ಕಟ್ಟಿಸಿದ್ದಾರೆ. ಗಾಳಿಯಲ್ಲೇ ಮಾಡಿದರೆ ಪಂಪೂ ಬೇಡ, ಆರ್ಗಾನೂ ಬೇಡ. ಹೈವೋಲ್ಟೇಜ್ ಮಾತ್ರ ಬೇಕು: ಹಳೇ ನಿಯಾನ್ ಬೋರ್ಡಿನ ಟ್ರಾನ್ಸ್‌ಫಾರ್ಮರ್ ಯಾರ ಹತ್ರಾದ್ರೂ ಇದ್ರೆ ಹೇಳ್ರಿ.