ಅಮ್ಮ ಮನೇಲೇ ಇರ್ತಾಳಂತೆ

ಮೊನ್ನೆ ಕೋಲಾರದ ಹತ್ರ ನಮ್ಮೂರಿಗೆ ಯಾರೋ ಸರ್ವೆ ಅಂತ ಬಂದಿದ್ರು, ಯಾರ್ಯಾರು ಏನೇನ್ ಕೆಲಸ ಅಂದಿದ್ದಕ್ಕೆ ನಮ್ಮಪ್ಪ "ನಂದು ವ್ಯವಸಾಯ, ಅವ್ಳು ಮನೇಲೇ ಇರ್ತಾಳೆ" ಅಂದ್ಬಿಟ್ರು. ಅಷ್ಟೊತ್ತಿಗೆ ಅಮ್ಮ ಮೂರು ಹಸು ಹಾಲು ಕರೆದು, ಡೇರಿಗೆ ಹಾಕ್ಬಂದು, ಕೊಟ್ಟಿಗೆ ಗುಡಿಸಿ, ಟೊಮ್ಯಾಟೊ ತೋಟಕ್ಕೆ ಹೊರಟಿದ್ಲು. ಡೇರಿ ಪಾಸ್‌ಬುಕ್ ಯಾರ್ ಹೆಸರಲ್ಲೈತೆ ಅಂತ ಬೇರೆ ಹೇಳ್ಬೇಕಾ?

ಹೆಣ್ಣು-ಗಂಡಿನ ನಡುವಿನ ಅಂತರ ಯಾವ ದೇಶದಲ್ಲಿ ಎಷ್ಟೈತೆ ಅಂತ ವರ್ಲ್ಡ್ ಎಕನಾಮಿಕ್ ಫೋರಂ ಅನ್ನೋ ಸಂಸ್ಥೆಯೋರು ಮಾಡಿದ 2025ರ ಲಿಸ್ಟಲ್ಲಿ 148 ದೇಶದಲ್ಲಿ ನಾವು 131, ಐಸ್‌ಲ್ಯಾಂಡ್ ಸತತ 16ನೇ ವರ್ಷ ಫಸ್ಟು. ಆದ್ರೆ ಆ ಲಿಸ್ಟು ಹೆಂಗಸ್ರು ಎಷ್ಟು ಚೆನ್ನಾಗವ್ರೆ ಅಂತ ನೋಡಲ್ಲ, ಅದೇ ದೇಶದ ಗಂಡಸ್ರಿಗೂ ಅವ್ರಿಗೂ ಎಷ್ಟು ಅಂತರ ಅಂತಷ್ಟೇ ನೋಡುತ್ತೆ, ಅಂದ್ರೆ ಇಬ್ರೂ ಬಡವ್ರಾಗಿದ್ರೂ ಮಾರ್ಕ್ಸ್ ಬರುತ್ತೆ.

ನಮ್ಮ ಸರ್ಕಾರದ ಲೆಕ್ಕದಲ್ಲಿ ಕೆಲಸದಲ್ಲಿರೋ ಇಲ್ಲಾ ಕೆಲಸ ಹುಡುಕ್ತಿರೋ ಹೆಂಗಸ್ರು 2017-18ರಲ್ಲಿ ಶೇ. 23.3 ಇದ್ದೋರು 2023-24ಕ್ಕೆ ಶೇ. 41.7 ಆಗವ್ರೆ. ಖುಷಿ ಪಡೋಣ ಅಂದ್ರೆ ಅದ್ರಲ್ಲಿ ಬೇಕಾದಷ್ಟು ಜನ ಮನೆ ಹೊಲದಲ್ಲೋ ಅಂಗಡೀಲೋ ಸಂಬಳ ಇಲ್ದೆ ದುಡಿಯೋರು. ಅಪ್ಪ ಸರಿಯಾಗಿ ಹೇಳಿದ್ರೆ ಅಮ್ಮನೂ ಅದೇ ಲೆಕ್ಕಕ್ಕೆ ಸೇರ್ತಿದ್ಲು, ದೇಶದ ನಂಬರ್ ಒಂಚೂರು ಮೇಲಕ್ಕೆ ಹೋಗ್ತಿತ್ತು, ಬಟವಾಡೆ ಮಾತ್ರ ಅಪ್ಪನ ಕೈಗೇ.

ಐಸ್‌ಲ್ಯಾಂಡಲ್ಲಿ 1975ರ ಅಕ್ಟೋಬರ್ 24ಕ್ಕೆ ನೂರಕ್ಕೆ ತೊಂಬತ್ತು ಹೆಂಗಸ್ರು ಆಫೀಸು, ಅಡುಗೆ ಎಲ್ಲಾ ಬಿಟ್ಟು ಬೀದಿಗೆ ಬಂದಿದ್ರಂತೆ (ನಮ್ಮಮ್ಮ ಬಿಟ್ರೆ ಹಸು ಕೇಳಲ್ಲ ಬಿಡಿ). 25 ಜನ ಇಲ್ಲಾ ಅದಕ್ಕಿಂತ ಜಾಸ್ತಿ ಜನ ಇರೋ ಕಂಪ್ನಿಗಳೇ ಒಂದೇ ಕೆಲಸಕ್ಕೆ ಒಂದೇ ಸಂಬಳ ಕೊಡ್ತೀವಿ ಅಂತ ಪ್ರೂವ್ ಮಾಡ್ಬೇಕು ಅಂತ 2018ರಲ್ಲಿ ಅಲ್ಲಿ ಕಾನೂನು ಜಾರಿಗೆ ಬಂತು. ನಮ್ಮಲ್ಲೂ ಸಮಾನ ವೇತನದ ಕಾಯ್ದೆ 1976ರಲ್ಲೇ ಬಂತು, ಆದ್ರೂ ತೋಟದಲ್ಲಿ ಗಂಡಾಳಿಗೊಂದು ಕೂಲಿ ಹೆಣ್ಣಾಳಿಗೊಂದು. ಕ್ರೇಟ್ ಹೊರೋರು ಗಂಡಸ್ರಲ್ವಾ ಅಂತಾರೆ, ಸರಿ ಸ್ವಾಮಿ, ಕಾಯಿ ಕೀಳೋಕೂ ಯಾಕೆ ಎರಡು ರೇಟು?

ನಿನ್ನೆ ಡೇರಿ ಸೆಕ್ರೆಟರಿ ಹತ್ರ ಶೇರು ಅಮ್ಮನ ಹೆಸರಿಗೆ ಮಾಡೋಕೆ ಏನೇನ್ ಬೇಕು ಅಂತ ಕೇಳ್ಕೊಂಡ್ ಬಂದೆ. ಅಪ್ಪ ಸುಮಾರು ಹೊತ್ತು ಸುಮ್ನಿದ್ದು ಆಮೇಲೆ "ಬೂಸಾ ದುಡ್ಡು ಯಾರ್ ಕೊಡ್ತಾರೆ?" ಅಂದ್ರು. ಅಮ್ಮ ಒಳಗಿಂದಲೇ "ಇಷ್ಟು ದಿನ ಯಾರ್ ಹಾಲಿಂದ ಕೊಡ್ತಿದ್ರಿ?" ಅಂದ್ಲು.